ಹಸುಗೂಸಿನ ಅಂಗುಳದಲ್ಲಿ ಮುತ್ತುಗಳಿವೆ!

ಎಳೆಗೂಸು ಬಾಯಿ ಅಗಲಿಸಿ ಆಕಳಿಸುವುದನ್ನು ನೀವು ಎಷ್ಟೋ ಸಲ ನೋಡಿರುತ್ತೀರಿ. ಮುಂದಿನ ಸಲ ಆ ಮುದ್ದು ಮುಖಕ್ಕೆ ಮೈಮರೆಯಬೇಡಿ, ಬಾಯೊಳಗೆ ನೋಡಿ! ಬೇಗ, ಸಿಗುವುದು ಒಂದೆರಡು ಕ್ಷಣ ಮಾತ್ರ. ಮೇಲೆ, ಅಂಗುಳದ ನಟ್ಟನಡುವೆ ಮುಂದಿನಿಂದ ಹಿಂದಕ್ಕೆ ಒಂದು ನಸುಗೆರೆ ಸಾಗುತ್ತದೆ. ಅದರ ಮೇಲೆ ಕಂಡಿತೇ? ಒಂದು ಬಿಳಿ ಚುಕ್ಕೆ. ಪಕ್ಕದಲ್ಲೇ ಇನ್ನೊಂದು. ಕೆಲವು ಮಕ್ಕಳಲ್ಲಿ ಐದಾರು ಒಟ್ಟಿಗೆ ಗುಂಪುಗೂಡಿರುತ್ತವೆ. ಗಾತ್ರ ರಾಗಿಕಾಳಿನಷ್ಟು, ಬಣ್ಣ ಬಿಳಿ ಇಲ್ಲವೇ ತುಸು ಹಳದಿ ಬೆರೆತ ಬಿಳಿ, ಮೇಲ್ಮೈ ನುಣುಪು, ಬೆಳಕು ಬಿದ್ದರೆ ಹೊಳಪು. ಮುತ್ತು! ಬೇರೆ ಮಾತೇ ಬೇಡ.

ವೈದ್ಯಲೋಕವೂ ಅದನ್ನೇ ಅಂದಿದೆ. ಅಂಗುಳದ ನಡುಗೆರೆಯ ಮೇಲಿನ ಈ ಚುಕ್ಕೆಗಳಿಗೆ ‘ಎಪ್‌ಸ್ಟೈನ್ ಮುತ್ತು’ ಎಂದೇ ಹೆಸರು. ಅಚ್ಚರಿಯ ಸಂಗತಿ ಕೇಳಿ: ಇದು ಅಪರೂಪದ ವಸ್ತುವೇ ಅಲ್ಲ. ಅಂಗುಳ, ವಸಡು ಎರಡನ್ನೂ ಸೇರಿಸಿ ನೋಡಿದರೆ ಹುಟ್ಟಿದ ನೂರು ಮಕ್ಕಳಲ್ಲಿ ಸುಮಾರು 60ರಿಂದ 85 ಮಕ್ಕಳ ಬಾಯಲ್ಲಿ ಇಂಥ ಚುಕ್ಕೆಗಳಿರುತ್ತವೆ. ಎಂದರೆ ಬಹುಪಾಲು ಮಕ್ಕಳು ಬಾಯಲ್ಲಿ ಮುತ್ತು ಇಟ್ಟುಕೊಂಡೇ ಹುಟ್ಟುತ್ತಾರೆ. ಇದನ್ನು ಓದುತ್ತಿರುವ ನಿಮ್ಮ ಬಾಯಲ್ಲೂ ಬಹುಶಃ ಇದ್ದವು. ನಿಮ್ಮ ಅಮ್ಮ ಗಮನಿಸಿರಲಿಕ್ಕಿಲ್ಲ. ಗಮನಿಸುವುದರೊಳಗೆ ಅವು ಹೋಗಿಯೂ ಬಿಟ್ಟಿರುತ್ತವೆ.

ಗಮನಿಸಿದರೆ ಏನಾಗುತ್ತದೆ ಎಂಬುದನ್ನು ನೆಂಟರ ಮನೆಯೊಂದರಲ್ಲಿ ಕಣ್ಣಾರೆ ಕಂಡಿದ್ದೇನೆ. ಬಾಣಂತಿ ಕೋಣೆ, ಎಣ್ಣೆ–ಸಾಂಬ್ರಾಣಿಯ ವಾಸನೆ, ಹುಟ್ಟಿ ವಾರವೂ ತುಂಬದ ಹೆಣ್ಣುಮಗು. ಮಗು ಕಿಟಾರನೆ ಅತ್ತಿತು. ಎತ್ತಿಕೊಳ್ಳಲು ಬಗ್ಗಿದ ಅಜ್ಜಿ ಅಲ್ಲೇ ನಿಂತುಬಿಟ್ಟರು. “ಅಯ್ಯೋ, ಏನೇ ಇದು! ಮೇಲಿನ ವಸಡಲ್ಲಿ ಹಲ್ಲು ಹುಟ್ಟಿಬಿಟ್ಟಿದೆಯಲ್ಲೇ!” ಬಾಣಂತಿ ಮಗಳು ಎದ್ದು ಕೂತಳು. “ಸುಮ್ನಿರಮ್ಮ, ಹಲ್ಲೆಲ್ಲಿಂದ ಬರುತ್ತೆ ಈಗ?” ಎಂದಳು. ದನಿ ಮಾತ್ರ ನಡುಗುತ್ತಿತ್ತು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಸತ್ತಿಲ್ಲ. ಆ ಸಂಜೆ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಮಾರನೆಯ ದಿನ ಮಕ್ಕಳ ಡಾಕ್ಟರು ಪುಟ್ಟ ಟಾರ್ಚು ಹಿಡಿದು, ಮಗುವಿನ ಗಲ್ಲವನ್ನು ಬೆರಳಿನಿಂದ ಮೆಲ್ಲಗೆ ಕೆಳಗೊತ್ತಿ ನೋಡಿದರು. ಮೇಲಿನ ವಸಡಿನ ಅಂಚಿನಲ್ಲಿ ಎರಡು ಚುಕ್ಕೆ, ಅಂಗುಳದ ಹಿಂಭಾಗದಲ್ಲಿ ಒಂದು. “ಹಲ್ಲಲ್ಲ ಅಜ್ಜಿ, ಇದಕ್ಕೆ ಮುತ್ತು ಅಂತಲೇ ಹೆಸರು. ಮುಟ್ಟೋಕೆ ಹೋಗಬೇಡಿ, ತಾನಾಗೇ ಹೋಗುತ್ತೆ” ಅಂದರು. ಅಷ್ಟೇ. ಔಷಧಿ ಚೀಟಿಯೂ ಇಲ್ಲ.

ತಾನಾಗೇ ಹೋಗುತ್ತೆ, ಸರಿ. ಆದರೆ ಬಂದದ್ದು ಎಲ್ಲಿಂದ? ಇದನ್ನು ಹುಡುಕುತ್ತ ಹೋದರೆ ತಾಯಿಯ ಗರ್ಭದಲ್ಲಿ ನಡೆಯುವ ಅತ್ಯದ್ಭುತ ಕಟ್ಟಡ ಕೆಲಸವೊಂದರ ಮುಂದೆ ಹೋಗಿ ನಿಲ್ಲುತ್ತೇವೆ.

ಮೊದಲು ಪ್ರಾಗ್ ನಗರಕ್ಕೆ ಹೋಗಿಬರೋಣ. 19ನೇ ಶತಮಾನದ ಬೊಹೀಮಿಯ, ಆಸ್ಟ್ರಿಯಾದ ಚಕ್ರವರ್ತಿಯ ಆಳ್ವಿಕೆ. ಅಲ್ಲೊಂದು ಪರಿತ್ಯಕ್ತ ಶಿಶುಗಳ ಆಸ್ಪತ್ರೆ. ಮದುವೆಯಾಗದ ತಾಯಂದಿರು, ದಿಕ್ಕಿಲ್ಲದ ಬಡವರು ಹೆತ್ತ ಮಕ್ಕಳು ಬಂದು ಸೇರುತ್ತಿದ್ದ ಜಾಗ. 1849ರಲ್ಲಿ ಹುಟ್ಟಿದ ಅಲೋಯಿಸ್ ಎಪ್‌ಸ್ಟೈನ್ ಅಲ್ಲಿ ಮಕ್ಕಳ ವೈದ್ಯ. ದಿನವೂ ಹೊಸ ಕೂಸುಗಳು, ದಿನವೂ ಹೊಸ ಬಾಯಿಗಳು. ಬಾಯಿ ತೆರೆಸಿ ನೋಡಿದರೆ ಒಂದರಲ್ಲಿ ಬಿಟ್ಟರೆ ಇನ್ನೊಂದರಲ್ಲಿ ಅದೇ ಬಿಳಿ ಚುಕ್ಕೆ! 1880ರಲ್ಲಿ ಎಪ್‌ಸ್ಟೈನ್ ಇದರ ಬಗ್ಗೆಯೇ ಒಂದು ಪ್ರಬಂಧ ಪ್ರಕಟಿಸಿದರು. ಬಾಯಿಯ ಒಳಮೈಯನ್ನು ಹೊದೆದಿರುವ ಮೇಲ್ಪದರದ ಜೀವಕೋಶಗಳಿಂದಲೇ ಆದ ಮುತ್ತುಗಳು ಇವು ಎಂಬುದು ಪ್ರಬಂಧದ ತಲೆಬರಹದಲ್ಲೇ ಇದೆ.

ಅವರಿಗಿಂತ ಮೊದಲೇ, 1866ರಲ್ಲಿ, ಕ್ಯೋನಿಗ್ಸ್‌ಬರ್ಗ್‌ನ (ಈಗ ರಷ್ಯಾದ ಕಲಿನಿನ್‌ಗ್ರಾದ್) ವೈದ್ಯ ಹೈನ್ರಿಚ್ ಬೋನ್ ಮಕ್ಕಳ ಬಾಯಿರೋಗಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇಂಥ ಗಂಟುಗಳನ್ನು ವರ್ಣಿಸಿದ್ದರು. ಲೋಳೆ ಸುರಿಸುವ ಸಣ್ಣ ಗ್ರಂಥಿಗಳಿಗೆ ಅವು ಸಂಬಂಧಪಟ್ಟವು ಎಂಬುದು ಬೋನ್ ಅಭಿಪ್ರಾಯ. ಆಮೇಲೆ ನೂರು ವರ್ಷ ಇಬ್ಬರ ಹೆಸರೂ ಕಲಸಿಹೋದವು. ಒಬ್ಬ ವೈದ್ಯ ಎಪ್‌ಸ್ಟೈನ್ ಮುತ್ತು ಎಂದದ್ದನ್ನು ಇನ್ನೊಬ್ಬ ಬೋನ್ ಗಂಟು ಎಂದ. 1967ರಲ್ಲಿ ಫ್ರಾಮ್ ಎಂಬುವರು 1,300ಕ್ಕೂ ಹೆಚ್ಚು ನವಜಾತ ಶಿಶುಗಳ ಬಾಯಿ ಪರೀಕ್ಷಿಸಿದರು. ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಮಕ್ಕಳಲ್ಲಿ ಚುಕ್ಕೆಗಳು ಸಿಕ್ಕವು. ಅಂಗುಳದ ನಡುಗೆರೆಯ ಮೇಲಿರುವುದು ಎಪ್‌ಸ್ಟೈನ್ ಮುತ್ತು, ವಸಡಿನ ಕೆನ್ನೆಬದಿ ಅಥವಾ ನಾಲಿಗೆಬದಿಯಲ್ಲಿ ಇರುವುದು ಬೋನ್ ಗಂಟು, ವಸಡಿನ ನೆತ್ತಿಯ ಮೇಲೇ ಕೂತಿರುವುದು ಹಲ್ಲು ಮೂಡಿಸುವ ಪಟ್ಟಿಯ ಅವಶೇಷ ಎಂದು ಮೂರು ಪಾಲು ಮಾಡಿದರು. ನಮ್ಮ ನೆಂಟರ ಮಗುವಿನ ವಸಡಿನಲ್ಲಿ ಅಜ್ಜಿ ಕಂಡದ್ದು ಈ ಮೂರನೆಯದು. ಮನೆಯವರ ಪಾಲಿಗೆ ಮೂರೂ ಒಂದೇ. ಯಾವುದರಿಂದಲೂ ತೊಂದರೆಯಿಲ್ಲ, ಯಾವುದಕ್ಕೂ ಚಿಕಿತ್ಸೆ ಬೇಕಿಲ್ಲ. ಆದರೆ ಹುಟ್ಟಿನ ಕತೆ ಬೇರೆ ಬೇರೆ. ಆ ಕತೆಗಳೇ ರೋಚಕ!

ಅಂಗುಳದ ಕತೆ ಕೇಳಿ. ಗರ್ಭ ಕಟ್ಟಿದ ಆರನೆಯ ವಾರ. ಭ್ರೂಣಕ್ಕೆ ಬಾಯಿ, ಮೂಗು ಎಂದು ಬೇರೆ ಬೇರೆ ಇಲ್ಲ, ಎರಡೂ ಸೇರಿ ಒಂದೇ ಗವಿ. ಬಾಯಿಗೆ ಚಾವಣಿಯೇ ಇಲ್ಲ! ಈಗ ಮೇಲ್ದವಡೆಯ ಎಡಬಲಗಳಿಂದ ಒಂದೊಂದು ತೆಳ್ಳನೆಯ ಫಲಕ ಮೂಡುತ್ತದೆ. ಇವೆರಡೂ ಒಂದರ ಕಡೆಗೆ ಒಂದು ಅಡ್ಡಡ್ಡ ಬೆಳೆದು ಕೂಡಿದರೆ ಅಂಗುಳ ಆಯಿತು. ಆದರೆ ನಡುವೆ ನಾಲಿಗೆ ಕೂತಿದೆ. ದಪ್ಪನೆಯ, ಇಡೀ ಗವಿಯನ್ನು ತುಂಬಿಕೊಂಡಿರುವ ನಾಲಿಗೆ. ಅಡ್ಡ ಬೆಳೆಯಲು ಜಾಗವೇ ಇಲ್ಲದೆ ಫಲಕಗಳು ನಾಲಿಗೆಯ ಅಕ್ಕಪಕ್ಕದಲ್ಲಿ ಕೆಳಮುಖವಾಗಿ ಇಳಿಯುತ್ತವೆ. ಹಾಗೇ ಕಾಯುತ್ತವೆ.

ಎಂಟನೆಯ ವಾರ ಬರುತ್ತದೆ. ಪ್ರಸೂತಿ ವೈದ್ಯರ ಲೆಕ್ಕದಲ್ಲಿ ಹತ್ತನೆಯ ವಾರ. ತಾಯಿಗೆ ವಾಕರಿಕೆ ಜೋರಾಗಿ, ಒಗ್ಗರಣೆಯ ವಾಸನೆಯೂ ಆಗದ ದಿನಗಳು. ಒಳಗಿರುವ ಜೀವದ ಉದ್ದ ತಲೆಯಿಂದ ಕೂರುವ ಭಾಗದವರೆಗೆ ಸುಮಾರು ಮೂರು ಸೆಂಟಿಮೀಟರು. ಆ ಮೂರು ಸೆಂಟಿಮೀಟರಿನ ಜೀವ ಎದೆಗೆ ಒತ್ತಿಕೊಂಡಿದ್ದ ತಲೆಯನ್ನು ಮೇಲೆತ್ತುತ್ತಿದೆ, ಕೆಳದವಡೆ ಮುಂದಕ್ಕೆ ಬೆಳೆಯುತ್ತಿದೆ, ನಾಲಿಗೆ ಕೆಳಗೆ ಜಾರುತ್ತಿದೆ. ಇತ್ತ ಫಲಕಗಳೊಳಗೆ ನೀರು ಹೀರಿ ಉಬ್ಬುವ ಹಯಲುರಾನಿಕ್ ಆಮ್ಲ ತುಂಬಿಕೊಂಡಿದೆ. ಜಾಗ ಬಿಟ್ಟದ್ದೇ ತಡ, ಕೆಳಗೆ ಜೋತುಬಿದ್ದಿದ್ದ ಎರಡೂ ಫಲಕಗಳು ನಾಲಿಗೆಯ ಮೇಲಕ್ಕೆ ಏರಿ ಅಡ್ಡಲಾಗುತ್ತವೆ! ವಾರಗಟ್ಟಲೆ ಕಾದದ್ದು ಬಹುಬೇಗ ಮುಗಿದುಹೋಗುತ್ತದೆ. ಹೆಣ್ಣುಭ್ರೂಣದಲ್ಲಿ ಈ ಏರುವಿಕೆ ಗಂಡಿಗಿಂತ ಕೆಲವು ದಿನ ತಡ. ತುಟಿ ಸರಿಯಿದ್ದು ಅಂಗುಳ ಮಾತ್ರ ಸೀಳಿರುವುದು ಹೆಣ್ಣುಮಕ್ಕಳಲ್ಲೇ ಹೆಚ್ಚು ಕಾಣುವುದಕ್ಕೆ ಈ ತಡವೇ ಕಾರಣವಿರಬಹುದು ಎಂದು ವಿಜ್ಞಾನಿಗಳು ಊಹಿಸುತ್ತಾರೆ.

ಅಡ್ಡಲಾದ ಫಲಕಗಳು ಬೆಳೆದು ನಡುವೆ ಒಂದಕ್ಕೊಂದು ತಾಗುತ್ತವೆ. ಇಲ್ಲಿ ಉಸಿರು ಬಿಗಿಹಿಡಿದು ಓದಿ, ಮುತ್ತು ಹುಟ್ಟುವುದು ಇಲ್ಲೇ. ಪ್ರತಿ ಫಲಕದ ಅಂಚಿಗೂ ಮೇಲ್ಪದರದ ಜೀವಕೋಶಗಳ ಹೊದಿಕೆ ಇದೆ. ಎರಡು ಹೊದಿಕೆ ಒತ್ತಿ ಅಂಟಿಕೊಂಡಾಗ ನಡುವೆ ಒಂದು ಗೋಡೆಯೇ ಆಗುತ್ತದೆ. ಆ ಗೋಡೆ ಇರುವಷ್ಟು ಹೊತ್ತು ಎಡದ ಮಾಂಸ ಬಲದ ಮಾಂಸದೊಂದಿಗೆ ಕೂಡಲಾರದು. ಅಂಗುಳ ಒಂದಾಗಬೇಕಾದರೆ ಗೋಡೆ ಕರಗಬೇಕು. ಅದು ಕರಗುತ್ತದೆ! ಅಲ್ಲಿನ ಜೀವಕೋಶಗಳಲ್ಲಿ ಕೆಲವು ತಮಗೆ ತಾವೇ ಸಾವು ತಂದುಕೊಳ್ಳುತ್ತವೆ. ಹಾಗೆ ಸಾಯುವ ಸೂಚನೆ ಅವುಗಳ ಒಳಗೇ ಇದೆ. ಕೆಲವು ಮೇಲಕ್ಕೋ ಕೆಳಕ್ಕೋ ಸರಿದು ಮೂಗಿನ ಬದಿಯ, ಬಾಯಿಯ ಬದಿಯ ಹೊದಿಕೆಗೆ ಸೇರಿಕೊಳ್ಳುತ್ತವೆ. ಎಷ್ಟು ಸಾಯುತ್ತವೆ, ಎಷ್ಟು ಸರಿಯುತ್ತವೆ ಎಂಬುದರ ಬಗ್ಗೆ ವಿಜ್ಞಾನಿಗಳ ವಾದ ಇನ್ನೂ ನಡೆದಿದೆ. ಗೋಡೆ ತೆಳುವಾಗಿ, ಅಲ್ಲಲ್ಲಿ ತೂತು ಬಿದ್ದು, ತುಂಡುತುಂಡಾಗುತ್ತದೆ. ತೂತಿನ ಮೂಲಕ ಎಡಬಲಗಳು ಕೈಜೋಡಿಸುತ್ತವೆ. ಮುಂದಿನಿಂದ ಶುರುವಾದ ಬೆಸುಗೆ ಹಿಂದಕ್ಕೆ ಸಾಗಿ ಹನ್ನೆರಡನೆಯ ವಾರದ ಹೊತ್ತಿಗೆ ಕಿರುನಾಲಿಗೆಯ ತುದಿ ಮುಟ್ಟುತ್ತದೆ. ಬಾಯಿಗೆ ಚಾವಣಿ ಬಂತು, ಮೂಗಿಗೆ ನೆಲ ಬಂತು!

ಈ ಕರಗುವಿಕೆ ಎಷ್ಟು ಮುಖ್ಯ ಎಂಬುದಕ್ಕೆ 1995ರಲ್ಲಿ ಪ್ರಕಟವಾದ ಇಲಿಗಳ ಮೇಲಿನ ಪ್ರಯೋಗ ನೋಡಿ. ಟಿಜಿಎಫ್ ಬೀಟಾ–3 ಎಂಬ ಒಂದೇ ಒಂದು ಪ್ರೋಟೀನಿನ ಜೀನ್ ತೆಗೆದ ಇಲಿಗಳಲ್ಲಿ ಫಲಕಗಳು ಏರಿದವು, ಹತ್ತಿರಕ್ಕೂ ಬಂದವು, ಆದರೆ ಕೂಡಲಿಲ್ಲ. ಆ ಮರಿಗಳು ಸೀಳಂಗುಳದೊಂದಿಗೆ ಹುಟ್ಟಿದವು, ಹಾಲು ಹೀರಲಾಗದೆ ಒಂದು ದಿನದೊಳಗೆ ಸತ್ತವು. ಒಂದು ಪ್ರೋಟೀನು! ನಮ್ಮಲ್ಲಿ, ಎಂದರೆ ಮನುಷ್ಯರಲ್ಲಿ, ತುಟಿಯದೋ ಅಂಗುಳದ್ದೋ ಸೀಳು ಇರುವ ಮಕ್ಕಳು ಹುಟ್ಟುವುದು ಲೋಕದಲ್ಲಿ ಸುಮಾರು ಏಳುನೂರಕ್ಕೆ ಒಂದು. ಎಷ್ಟೊಂದು ಕಡೆ ತಪ್ಪಬಹುದಾದ ಕೆಲಸ ಇಷ್ಟು ಕಡಿಮೆ ತಪ್ಪುತ್ತದಲ್ಲ! ನನಗೆ ಎಲ್ಲಕ್ಕಿಂತ ದೊಡ್ಡ ಬೆರಗು ಅದೇ.

ಈಗ ಮುತ್ತಿಗೆ ಬನ್ನಿ. ಗೋಡೆ ಕರಗಿತು ಎಂದೆ. ಪೂರ್ತಿ ಕರಗಿತೇ? ಇಲ್ಲ. ನಡುಗೆರೆಯ ಉದ್ದಕ್ಕೂ ಅಲ್ಲಲ್ಲಿ ಒಂದಿಷ್ಟು ಜೀವಕೋಶಗಳು ಸಾಯದೆ, ಎಲ್ಲೂ ಸರಿಯದೆ, ಮಾಂಸದೊಳಗೆ ಸಣ್ಣ ದ್ವೀಪಗಳಾಗಿ ಉಳಿದುಬಿಡುತ್ತವೆ. ಸುತ್ತಲೂ ಎಲ್ಲ ಮುಚ್ಚಿಹೋಗಿದೆ. ಆದರೂ ಅವು ತಮ್ಮ ಕೆಲಸ ಬಿಡುವುದಿಲ್ಲ. ಮೇಲ್ಪದರದ ಜೀವಕೋಶದ ಕೆಲಸವೇನು? ಕೆರಾಟಿನ್ ಮಾಡುವುದು. ನಮ್ಮ ಉಗುರು, ಕೂದಲು, ಚರ್ಮದ ಹೊರಪದರ ಎಲ್ಲ ಆಗಿರುವ ಅದೇ ಗಟ್ಟಿ ಪ್ರೋಟೀನು. ಹೊರಗೆ ಬೀಳಬೇಕಾದ ಕೆರಾಟಿನ್ ಒಳಗೇ ಪದರದ ಮೇಲೆ ಪದರ ಸುತ್ತಿಕೊಳ್ಳುತ್ತ, ತೆಳ್ಳನೆಯ ಚೀಲದೊಳಗೆ ಉಂಡೆಗಟ್ಟುತ್ತದೆ. ಒಂದರಿಂದ ಮೂರು ಮಿಲಿಮೀಟರು ಆಗುವಷ್ಟರಲ್ಲಿ ಅಂಗುಳದ ತೆಳು ಹೊದಿಕೆಯಡಿಯಿಂದ ಬೆಳ್ಳಗೆ ಕಾಣತೊಡಗುತ್ತದೆ. ಇದೇ ಎಪ್‌ಸ್ಟೈನ್ ಮುತ್ತು. ಗಟ್ಟಿ ಅಂಗುಳ ಮುಗಿದು ಮೆತ್ತನೆಯ ಅಂಗುಳ ಶುರುವಾಗುವ ಗಡಿಯ ಹತ್ತಿರ ಇವು ಹೆಚ್ಚು.

ಯೋಚಿಸಿ! ಆ ಚುಕ್ಕೆ ಇರುವ ಜಾಗದಲ್ಲಿ ಏಳು ತಿಂಗಳ ಹಿಂದೆ ಎಡಬದಿ ಬಲಬದಿಯನ್ನು ಮೊದಲ ಸಲ ಮುಟ್ಟಿತ್ತು. ಯಾವ ಸ್ಕ್ಯಾನಿಂಗೂ ಬೇಡ, ಸೂಕ್ಷ್ಮದರ್ಶಕವೂ ಬೇಡ. ಅಳುವ ಮಗುವಿನ ತೆರೆದ ಬಾಯಿ, ಒಂದಿಷ್ಟು ಬೆಳಕು, ಅಷ್ಟಿದ್ದರೆ ಗರ್ಭದ ಮೂರನೆಯ ತಿಂಗಳ ಕೆಲಸದ ಗುರುತನ್ನು ಬರಿಗಣ್ಣಿನಿಂದ ನೋಡಬಹುದು. ಚುಕ್ಕೆ ಇದೆ ಎಂದ ಮಾತ್ರಕ್ಕೆ ಇಡೀ ಅಂಗುಳ ಸರಿಯಿದೆ ಎಂದು ತೀರ್ಮಾನಿಸುವಂತಿಲ್ಲ, ಅದಕ್ಕೆ ವೈದ್ಯರೇ ನೋಡಬೇಕು. ಆದರೆ ಆ ಬೆಸುಗೆ ನಡೆದದ್ದಕ್ಕೆ ಅದು ಸಾಕ್ಷಿ.

ವಸಡಿನ ಮೇಲಿನ ಚುಕ್ಕೆಗಳದ್ದು ಇನ್ನೊಂದು ಲೋಕ. ಬೊಚ್ಚುಬಾಯಿ ಎಂದು ನಾವು ಮುದ್ದು ಮಾಡುವ ಹಸುಗೂಸಿನ ಬಾಯಲ್ಲಿ ಹಲ್ಲಿಲ್ಲ ಎಂದುಕೊಂಡಿದ್ದೀರಾ? ಇಪ್ಪತ್ತೂ ಹಾಲುಹಲ್ಲು ಅಲ್ಲೇ ವಸಡಿನೊಳಗೆ ಇವೆ! ಹಲ್ಲಿನ ಕೆಲಸ ಶುರುವಾಗುವುದೂ ಆರನೆಯ ವಾರದಲ್ಲೇ. ಮೇಲೊಂದು ಕೆಳಗೊಂದು, ದವಡೆಯ ಬಾಗಿಗೆ ತಕ್ಕಂತೆ, ಮೇಲ್ಪದರ ದಪ್ಪಗಾಗಿ ಒಂದು ಪಟ್ಟಿಯಾಗಿ ಒಳಕ್ಕೆ ಇಳಿಯುತ್ತದೆ. ಪ್ರತಿ ಪಟ್ಟಿಯಿಂದ ಹತ್ತು ಮೊಗ್ಗು. ಮೊಗ್ಗು ಅರಳಿ, ಅದರೊಳಗೆ ಹಲ್ಲಿನ ಆಕಾರ ಮೂಡಿ, ಸುಮಾರು ಹದಿನಾಲ್ಕನೆಯ ವಾರದಿಂದ ಸುಣ್ಣದಂಶ ಕೂತು ಗಟ್ಟಿಯಾಗತೊಡಗುತ್ತದೆ. ಮೊದಲು ಮುಂದಿನ ಬಾಚಿಹಲ್ಲು. ಮಗು ಹುಟ್ಟುವ ಹೊತ್ತಿಗೆ ಆರು ವರ್ಷಕ್ಕೆ ಬರಬೇಕಾದ ಮೊದಲ ಶಾಶ್ವತ ದವಡೆಹಲ್ಲೂ ಗಟ್ಟಿಯಾಗಲು ಶುರುವಾಗಿರುತ್ತದೆ. ಒಂದನೇ ಕ್ಲಾಸಿಗೆ ಹೋಗುವಾಗ ಹುಟ್ಟುವ ಹಲ್ಲಿನ ಕೆಲಸ ಹೆರಿಗೆಯ ಹೊತ್ತಿಗೇ ಆರಂಭ!

ಇಲ್ಲೇ ಇನ್ನೊಂದು ಬೆರಗನ್ನು ಹೇಳಿಬಿಡುತ್ತೇನೆ, ತಡೆಯಲಾಗುತ್ತಿಲ್ಲ. ಹೆರಿಗೆ ಎಂಬುದು ಮಗುವಿನ ಮೈಗೆ ಎಂಥ ದೊಡ್ಡ ಬದಲಾವಣೆ ಎಂದರೆ, ಅದೇ ಹೊತ್ತಿನಲ್ಲಿ ಬೆಳೆಯುತ್ತಿದ್ದ ಹಲ್ಲುಗಳಲ್ಲಿ ಒಂದು ಗೆರೆ ಬೀಳುತ್ತದೆ. ಗೆರೆಯ ಒಂದು ಬದಿಯ ಎನಾಮೆಲ್ ಗರ್ಭದಲ್ಲಿ ಆದದ್ದು, ಇನ್ನೊಂದು ಬದಿಯದು ಲೋಕ ಕಂಡ ಮೇಲೆ ಆದದ್ದು. ಐಸಾಕ್ ಶೌರ್ ಎಂಬ ದಂತವಿಜ್ಞಾನಿ 1936ರಲ್ಲಿ ಇದನ್ನು ವಿವರವಾಗಿ ಬರೆದರು. ಹಾಲುಹಲ್ಲನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ ಹುಟ್ಟಿದ ದಿನ ಅಲ್ಲಿ ಬರೆದಿಟ್ಟಂತೆ ಕಾಣುತ್ತದೆ. ನಾವು ಬಿದ್ದ ಹಾಲುಹಲ್ಲನ್ನು ಹೆಂಚಿನ ಮೇಲೆ ಎಸೆದುಬಿಟ್ಟೆವು!

ಮೊಗ್ಗು ಮೂಡಿಸಿದ ಪಟ್ಟಿಗೆ ಮುಂದೆ ಕೆಲಸವಿಲ್ಲ. ಅದೂ ಅಂಗುಳದ ಗೋಡೆಯ ಹಾಗೆಯೇ ತುಂಡಾಗಿ ಕರಗುತ್ತದೆ, ಅದೂ ಅಲ್ಲಲ್ಲಿ ಉಳಿಯುತ್ತದೆ. ಆ ಉಳಿಕೆಗಳಿಗೆ ಫ್ರಾನ್ಸಿನ ಅಂಗರಚನಾ ವಿಜ್ಞಾನಿ ಸೆರ್ ಅವರ ಹೆಸರಿದೆ. 1817ರಲ್ಲಿ ಹಲ್ಲುಗಳ ಬಗ್ಗೆ ಪುಸ್ತಕ ಬರೆದ ಸೆರ್ ಇವನ್ನು ನೋಡಿ ಗ್ರಂಥಿಗಳು ಎಂದು ತಿಳಿದಿದ್ದರು. ಈ ಉಳಿಕೆಗಳೊಳಗೂ ಅದೇ ಕೆರಾಟಿನ್ ಉಂಡೆಗಟ್ಟಿ, ವಸಡಿನ ನೆತ್ತಿಯ ಮೇಲೆ ಬೆಳ್ಳಗೆ ಕಾಣಿಸಿಕೊಳ್ಳುತ್ತದೆ. ಮೇಲಿನ ವಸಡಿನಲ್ಲೇ ಹೆಚ್ಚು. ಅಜ್ಜಿಯರು ಹಲ್ಲು ಎಂದು ಬೆಚ್ಚುವುದರಲ್ಲಿ ತಪ್ಪೇನೂ ಇಲ್ಲ, ಹಲ್ಲು ಬರುವ ಜಾಗದಲ್ಲೇ ಅದು ಕೂತಿರುತ್ತದೆ. ಹಲ್ಲನ್ನು ಮೂಡಿಸಿದ ಪಟ್ಟಿಯ ಚೂರೇ ಅದು!

ಅದೇ ಮಗುವಿನ ಮೂಗಿನ ತುದಿ ನೋಡಿ. ಅಲ್ಲೂ ಸಣ್ಣ ಸಣ್ಣ ಬಿಳಿ ಚುಕ್ಕೆ ಕಾಣಬಹುದು. ಮಿಲಿಯಾ ಎನ್ನುತ್ತಾರೆ, ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಇರುತ್ತದೆ. ಅದೂ ಚರ್ಮದಡಿ ಸಿಕ್ಕಿಕೊಂಡ ಕೆರಾಟಿನ್ನೇ. ಗಂಡುಮಗುವಿನ ಶಿಶ್ನದ ತುದಿಯ ಚರ್ಮದಲ್ಲೂ ಇಂಥ ಮುತ್ತು ಕೆಲವೊಮ್ಮೆ ಕಾಣುತ್ತದೆ. ಇನ್ನೊಂದು ವಿಚಿತ್ರ: ಬಾಯಿಯ ಮುತ್ತುಗಳು ತಿಂಗಳು ತುಂಬದೆ ಹುಟ್ಟಿದ ಮಕ್ಕಳಲ್ಲಿ ಕಡಿಮೆ, ತುಂಬಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚು.

ಹಾಗಾದರೆ ಇವು ಹೋಗುವುದು ಹೇಗೆ? ಮಗು ಬೆಳೆಯುತ್ತ ಮುತ್ತಿನ ಚೀಲ ಬಾಯಿಯ ಹೊದಿಕೆಯ ಹತ್ತಿರಕ್ಕೆ ಬಂದು, ಅದರೊಂದಿಗೆ ಕೂಡಿ, ಒಂದು ದಿನ ತೆರೆದುಕೊಳ್ಳುತ್ತದೆ. ಒಳಗಿನ ಕೆರಾಟಿನ್ ಚೂರು ಹಾಲಿನ ಜೊತೆ ಹೊಟ್ಟೆ ಸೇರುತ್ತದೆ. ನೋವಿಲ್ಲ, ರಕ್ತವಿಲ್ಲ, ಕಲೆಯೂ ಉಳಿಯುವುದಿಲ್ಲ. ಹಾಲು ಹೀರುವಾಗ ನಾಲಿಗೆ, ಮೊಲೆತೊಟ್ಟು ಅಂಗುಳಕ್ಕೆ ಉಜ್ಜುವುದೂ ಇದಕ್ಕೆ ನೆರವಾಗುತ್ತದೆ. ಹೆಚ್ಚಿನವು ಕೆಲವೇ ವಾರಗಳಲ್ಲಿ ಮಾಯ, ಉಳಿದವು ಮೂರರಿಂದ ಐದು ತಿಂಗಳೊಳಗೆ. ಅಲ್ಲಿಯವರೆಗೆ ಮಗು ಹಾಲು ಕುಡಿಯಲು, ನಿದ್ದೆ ಮಾಡಲು, ತೂಕ ಹೆಚ್ಚಿಸಿಕೊಳ್ಳಲು ಇವುಗಳಿಂದ ಎಳ್ಳಷ್ಟೂ ಅಡ್ಡಿಯಿಲ್ಲ.

ಅಡ್ಡಿ ಬರುವುದು ನಮ್ಮ ಕೈಯಿಂದ. ಇದನ್ನು ನಾನು ಒತ್ತಿ ಹೇಳಲೇಬೇಕು. ಚುಕ್ಕೆ ಕಂಡೊಡನೆ ಬಟ್ಟೆ ಸುತ್ತಿದ ಬೆರಳಿನಿಂದ ಉಜ್ಜುವವರಿದ್ದಾರೆ, ಉಗುರಿನಿಂದ ಚಿವುಟುವವರಿದ್ದಾರೆ, ಸೂಜಿಯಿಂದ ಚುಚ್ಚುವವರಿದ್ದಾರೆ. ಎಳೆಯ ಅಂಗುಳದ ಹೊದಿಕೆ ಎಷ್ಟು ತೆಳು ಎಂಬುದು ಗೊತ್ತಾಗಬೇಕಾದರೆ 1850ಕ್ಕೆ ಹೋಗಿ. ವಿಯೆನ್ನಾದ ಪರಿತ್ಯಕ್ತ ಶಿಶುಗಳ ಆಸ್ಪತ್ರೆಯಲ್ಲಿದ್ದ ಅಲೋಯಿಸ್ ಬೆಡ್ನಾರ್ ಹಸುಗೂಸುಗಳ ಅಂಗುಳದ ಹಿಂಭಾಗದಲ್ಲಿ, ನಡುಗೆರೆಯ ಎರಡೂ ಕಡೆ, ಹುಣ್ಣುಗಳನ್ನು ಕಂಡು ದಾಖಲಿಸಿದರು. ಇಂದಿಗೂ ಅವಕ್ಕೆ ಬೆಡ್ನಾರ್ ಹುಣ್ಣು ಎಂದೇ ಹೆಸರು. ಕಾರಣ ಏನೆಂದು ಆಮೇಲೆ ತಿಳಿಯಿತು: ಮಗುವಿನ ಬಾಯಿ ಚೊಕ್ಕ ಮಾಡಲು ಬೆರಳು ಹಾಕಿ ಒರೆಸುವುದು, ಗಟ್ಟಿ ನಿಪ್ಪಲ್ಲು ಒತ್ತುವುದು. ಪ್ರೀತಿಯಿಂದ ಮಾಡಿದ ಕೆಲಸವೇ ಹುಣ್ಣಾಗಿ, ಮಗು ಹಾಲು ಬಿಡುವಂತಾಗುತ್ತಿತ್ತು.

ಜೇನು ಹಚ್ಚುವುದಂತೂ ಬೇಡವೇ ಬೇಡ. ಜೇನಿನಲ್ಲಿ ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ದೊಡ್ಡವರ ಕರುಳು ಅದನ್ನು ತಡೆಯುತ್ತದೆ. ಒಂದು ವರ್ಷ ತುಂಬದ ಮಗುವಿನ ಕರುಳಿನಲ್ಲಿ ಅವು ಮೊಳೆತು ವಿಷ ಮಾಡಿ, ಸ್ನಾಯುಗಳನ್ನು ಸಡಿಲಗೊಳಿಸಿ, ಉಸಿರಿಗೇ ಕುತ್ತು ತರಬಲ್ಲವು.

ಬಾಯೊಳಗಿನ ಸಹಜ ಉಬ್ಬೊಂದನ್ನು ರೋಗ ಎಂದು ತಿಳಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಪೂರ್ವ ಆಫ್ರಿಕಾದ ಉದಾಹರಣೆಯಿದೆ, ಓದಿದಾಗ ಎದೆ ಒಡೆದಂತಾಯಿತು. ಉಗಾಂಡಾ, ತಾಂಜಾನಿಯಾ, ಇಥಿಯೋಪಿಯಾದ ಕೆಲವು ಭಾಗಗಳಲ್ಲಿ ಎಳೆಮಕ್ಕಳ ವಸಡಿನಲ್ಲಿ ಕೋರೆಹಲ್ಲಿನ ಮೊಗ್ಗು ಉಬ್ಬಿರುವುದನ್ನು ಕಂಡು, ಮಗುವಿನ ಭೇದಿಗೆ, ಜ್ವರಕ್ಕೆ ಅಲ್ಲಿರುವ ಹುಳುವೇ ಕಾರಣ ಎಂದು ನಂಬುತ್ತಾರೆ. ಸೈಕಲ್ಲಿನ ಕಡ್ಡಿಯನ್ನೋ ಚಾಕುವನ್ನೋ ಹಾಕಿ ಆ ಮೊಗ್ಗನ್ನು ಕಿತ್ತು ತೆಗೆಯುತ್ತಾರೆ. ಅರಿವಳಿಕೆಯಿಲ್ಲ, ಶುಚಿಯಿಲ್ಲ. ರಕ್ತಸ್ರಾವ, ನಂಜು, ಕೆಲವೊಮ್ಮೆ ಸಾವು. ಬದುಕಿದ ಮಕ್ಕಳಿಗೆ ಮುಂದೆ ಬರಬೇಕಾದ ಶಾಶ್ವತ ಹಲ್ಲಿಗೂ ಪೆಟ್ಟು. ಮಗು ಉಳಿಯಲಿ ಎಂದೇ ತಾಯಂದಿರು ಕೊಂಡೊಯ್ದಿರುತ್ತಾರೆ. ಅವರಿಗೆ ಯಾರಾದರೂ ಮೊದಲೇ ಒಂದು ಮಾತು ಹೇಳಿದ್ದರೆ!

ಎಲ್ಲ ಬಿಳಿಯೂ ಮುತ್ತಲ್ಲ ಎಂಬುದನ್ನೂ ತಿಳಿದಿರಿ. ನಾಲಿಗೆ, ಕೆನ್ನೆಯ ಒಳಬದಿಗೆಲ್ಲ ಬಿಳಿ ಪದರ ಹರಡಿದ್ದು, ಒರೆಸಿದರೆ ಅಡಿಯಲ್ಲಿ ಕೆಂಪಗೆ ಕಂಡರೆ ಅದು ಥ್ರಶ್ ಎಂಬ ಶಿಲೀಂಧ್ರದ ಸೋಂಕು, ಅದಕ್ಕೆ ಔಷಧಿ ಬೇಕು. ಕೆಳವಸಡಿನ ಮುಂಭಾಗದಲ್ಲಿ ನಿಜವಾದ ಹಲ್ಲೇ ಮೂಡಿರುವುದೂ ಉಂಟು, ಎರಡು ಮೂರು ಸಾವಿರ ಮಕ್ಕಳಲ್ಲಿ ಒಂದಕ್ಕೆ. ಅದು ಅಲ್ಲಾಡುತ್ತಿದ್ದರೆ ದಂತವೈದ್ಯರು ನೋಡಬೇಕು. ಚುಕ್ಕೆ ದೊಡ್ಡದಾಗುತ್ತ ಹೋದರೆ, ನೀಲಿ ಬಣ್ಣಕ್ಕೆ ತಿರುಗಿದರೆ, ರಕ್ತ ಬಂದರೆ, ಮಗು ಹಾಲು ಬಿಟ್ಟರೆ, ಆರು ತಿಂಗಳಾದರೂ ಹೋಗದಿದ್ದರೆ ಡಾಕ್ಟರ ಹತ್ತಿರ ಹೋಗಿ. ಇವಿಷ್ಟೂ ಅಪರೂಪ.

ನಮ್ಮಲ್ಲಿ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆಯರು 3, 7, 14, 21, 28, 42ನೆಯ ದಿನ ಮನೆಗೆ ಬರುತ್ತಾರೆ. ಮುತ್ತುಗಳು ಕಾಣುವುದೂ, ಮನೆಯವರು ಗಾಬರಿಯಾಗುವುದೂ, ಯಾರೋ ಹೇಳಿದ ಮದ್ದು ಬಾಯಿಗೆ ಬೀಳುವುದೂ ಇದೇ ದಿನಗಳಲ್ಲಿ. ಆಶಾ ಅಕ್ಕಂದಿರೇ, ಹೊಕ್ಕುಳು ನೋಡಿ, ತೂಕ ನೋಡಿ ಹೊರಡುವ ಮೊದಲು ಅಜ್ಜಿಯನ್ನು ಹತ್ತಿರ ಕರೆದು ಮಗುವಿನ ಬಾಯಿ ತೋರಿಸಿ. ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ಡಾಕ್ಟರು, ನರ್ಸುಗಳು ಲಸಿಕೆಯ ತಾರೀಖಿನ ಜೊತೆಗೆ ಇದೊಂದನ್ನೂ ಹೇಳಿ ಕಳಿಸಲಿ: ಬಾಯಲ್ಲಿ ಬಿಳಿ ಚುಕ್ಕೆ ಕಂಡರೆ ಹೆದರಬೇಡಿ, ಉಜ್ಜಬೇಡಿ, ಜೇನು ಹಚ್ಚಬೇಡಿ, ಎದೆಹಾಲು ಕೊಡುತ್ತಿರಿ, ಅದು ತಾನಾಗಿ ಹೋಗುತ್ತದೆ.